ಚರ್ಮ ಇರೋದು ಒಳಗಡೆ

ಜೂನ್ ೩, ಸೋಮವಾರ

ಈ ನೋಟ್‌ಬುಕ್ ಬಿಟ್ಟಿ ಸಿಕ್ಕಿದ್ದು. ಹೊದಿಕೆಯ ಮೇಲೆ ಹುಟ್ಟುವ ಸೂರ್ಯ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ನಾನು ಮಾಡಬಲ್ಲೆ’. ಹೊದಿಕೆಯನ್ನು ಕಿತ್ತು ನಾಲ್ಕು ಮಡಿಕೆ ಮಾಡಿ ಹೊಲಿಗೆ ಮೆಷಿನ್ನಿನ ಅಲ್ಲಾಡುವ ಕಾಲಿನ ಕೆಳಗೆ ಇಟ್ಟಿದ್ದೇನೆ. ಅಲ್ಲಾದರೂ ಏನಾದರೂ ಮಾಡಲಿ. ಒಳಗಿನ ಹಾಳೆ ಚೆನ್ನಾಗಿದೆ, ಶಾಯಿ ಹರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. “ದಿನಾ ನಿಮ್ಮ ಭಾವನೆಗಳನ್ನ ಬರೀರಿ” ಎಂದು ತರಬೇತಿಯ ಮೇಡಂ ಹೇಳಿದ್ದಕ್ಕಲ್ಲ.

ಅಂಗವಿಕಲರಿಗೆ ಸ್ವ-ಉದ್ಯೋಗದ ತರಬೇತಿಯಂತೆ, ಐದು ದಿನ. ಆ ಮೇಡಂ ಮಾತುಮಾತಿಗೆ ಚಪ್ಪಾಳೆ ತಟ್ಟಿಸುತ್ತಾರೆ. ಒಬ್ಬ ತನ್ನ ಹೆಸರು ಹೇಳಿದರೆ ಚಪ್ಪಾಳೆ, ಇನ್ನೊಬ್ಬ ಎದ್ದು ನಿಂತರೆ ಚಪ್ಪಾಳೆ, ನಾನು ಎದ್ದು ನಿಲ್ಲಲಿಲ್ಲ, ಅದಕ್ಕೂ ಚಪ್ಪಾಳೆ. ಕಲಿಸುವುದು ಮೇಣದಬತ್ತಿ, ಕಾಗದದ ಚೀಲ, ಫಿನಾಯಿಲ್. ನನ್ನ ಪಕ್ಕ ಕೂತಿದ್ದ ಕಣ್ಣಿಲ್ಲದ ಮನುಷ್ಯ ಇಪ್ಪತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವನು. ಅವನ ಕೈಗೂ ಮೇಣದಬತ್ತಿ. ಲೋಕದ ಕುಂಟರು ಕುರುಡರೆಲ್ಲ ಮೇಣದಬತ್ತಿ ಮಾಡುತ್ತ ಕೂತರೆ ಹಚ್ಚುವವರು ಯಾರು ಎಂದು ಕೇಳಿದೆ. ಮೇಡಂ ನಕ್ಕು, “ಒಳ್ಳೆ ಪ್ರಶ್ನೆ” ಎಂದು ಚಪ್ಪಾಳೆ ತಟ್ಟಿಸಿದರು.

ನನಗೆ ತರಬೇತಿ ಕೊಡುವ ಮುಖಗಳು ಇವು. ಇಪ್ಪತ್ನಾಲ್ಕು ವರ್ಷ ಬಟ್ಟೆ ಕಾರ್ಖಾನೆಯಲ್ಲಿದ್ದೆ, ಕೊನೆಯ ಹನ್ನೊಂದು ವರ್ಷ ಚೆಕಿಂಗ್ ಟೇಬಲ್ಲಿನಲ್ಲಿ. ನನ್ನ ಕಣ್ಣು ತಪ್ಪಿಸಿ ಒಂದು ಡೊಂಕು ಹೊಲಿಗೆ ಗೇಟು ದಾಟಿಲ್ಲ. ಹೋದ ತಿಂಗಳು ಚೆಕಿಂಗನ್ನು ಮೂರನೇ ಮಹಡಿಗೆ ಸಾಗಿಸಿದರು. ಲಿಫ್ಟು ಸಾಮಾನಿಗೆ ಮಾತ್ರ. “ನಿಮಗೂ ವಿಶ್ರಾಂತಿ ಬೇಕಲ್ವಾ” ಎಂದ ಮ್ಯಾನೇಜರ್, ನಾನು ಅವನ ಹತ್ತಿರ ವಿಶ್ರಾಂತಿ ಬೇಡಿಕೊಂಡಿದ್ದೆ ಎನ್ನುವ ಹಾಗೆ.

ನನ್ನ ಎಡಗಾಲು ಗಿಡ್ಡ. ಎಷ್ಟು ಗಿಡ್ಡ ಎಂದು ಯಾರೂ ಅಳೆದಿಲ್ಲ, ಅಳೆಯಲು ನಾನು ಬಿಟ್ಟಿಲ್ಲ. ನೆಲ ಮುಟ್ಟುವ ಲಂಗ ಹಾಕುತ್ತೇನೆ, ಸುತ್ತ ಒಂದೇ ಉದ್ದಕ್ಕೆ ಕತ್ತರಿಸಿದ ನೇರ ಅಂಚು. ನಡೆಯುವಾಗ ಎಡಗೈಯಲ್ಲಿ ಒಂದು ಹಿಡಿ ಬಟ್ಟೆ ಎತ್ತಿ ಹಿಡಿದುಕೊಂಡರೆ ಆಯಿತು. ಕುಂಟುವುದು ಯಾರಿಗೂ ಅಷ್ಟಾಗಿ ತಿಳಿಯುವುದಿಲ್ಲ. ನಲವತ್ತು ವರ್ಷದಿಂದ ಹೀಗೇ ನಡೆದಿದೆ.

ಜೂನ್ ೮, ಶನಿವಾರ

ತಮ್ಮನ ಮನೆಗೆ ಬಂದು ಬಿದ್ದೆ. ಬೀದಿಗೆ ಬಾಗಿಲಿರುವ ಕೆಳಗಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದಾನೆ. ಇಲ್ಲಿಯ ತನಕ ಅದರಲ್ಲಿ ಕೆಟ್ಟ ಸ್ಕೂಟರು, ಗಟ್ಟಿಯಾದ ಸಿಮೆಂಟು ಚೀಲ ಇದ್ದವು. ಈಗ ನಾನು. ಮುಂದೆ ಮೆಷಿನ್, ನಡುವೆ ಪರದೆ, ಹಿಂದೆ ಮಂಚ.

“ಅಕ್ಕಾ, ಆಗಸ್ಟ್ ಕೊನೆ ತನಕ ನೋಡು. ಹೊಲಿಗೆ ಅಂಗಡಿ ನಡೆದ್ರೆ ನಡೀಲಿ” ಎಂದ. “ಇಲ್ಲಾಂದ್ರೆ ಟೀಪುಡಿ ಏಜೆಂಟು ಗೋಡೌನ್‌ಗೆ ಕೇಳ್ತಿದಾನೆ, ಅವನಿಗೆ ಕೊಡ್ತೀನಿ. ನೀನು ಮೇಲೆ ಬಂದು ನಮ್ ಜೊತೆನೇ ಇರು. ಇವಳಿಗೂ ಕೈಗೊಂದು ಆಸರೆ ಆಗುತ್ತೆ.”

ಇವಳೆಂದರೆ ಅವನ ಹೆಂಡತಿ. ಆಸರೆಯೆಂದರೆ ಪಾತ್ರೆ, ಬಟ್ಟೆ, ಅಡುಗೆ, ಅದರ ಮೇಲೆ ಮನೆಮಂದಿಯ ಹರಿದದ್ದೆಲ್ಲ ಹೊಲಿಯುವುದು. ಮೇಲಕ್ಕೆ ಹದಿನೆಂಟು ಮೆಟ್ಟಿಲು, ಎಣಿಸಿದ್ದೇನೆ. ಒಂದು ಸಲ ಹತ್ತಿಸಿ ಕೂರಿಸಿದರೆ ಮತ್ತೆ ಇಳಿಯುವುದು ನಾಲ್ಕು ಜನರ ಹೆಗಲ ಮೇಲೆಯೇ.

ನೀರಿನ ನಲ್ಲಿ ಬೀದಿಯ ಕೊನೆಯಲ್ಲಿದೆ. ಒಂದು ಕೈ ಲಂಗಕ್ಕೆ ಹೋಗುವುದರಿಂದ ಒಂದೊಂದೇ ಬಕೆಟ್ಟು, ಎರಡು ಸಲ ಹೋಗಬೇಕು. ಎದುರು ಮನೆಯವಳು ಎರಡು ಸಲವೂ ನಿಂತು ನೋಡಿದಳು. ಅವಳಿಗೂ ಬೇರೆ ಕೆಲಸವಿಲ್ಲ.

ಜೂನ್ ೧೧, ಮಂಗಳವಾರ

ದೊಡ್ಡಕ್ಕ ಒಂದು ಹಳೇ ಓವರ್‌ಲಾಕ್ ಮೆಷಿನ್ ತಂದುಕೊಟ್ಟಳು, ಬಟ್ಟೆಯ ಅಂಚು ಬಿಚ್ಚಿಕೊಳ್ಳದಂತೆ ಸುತ್ತಿ ಹೊಲಿಯುವಂಥದ್ದು. ನನಗೆ ಅದು ಬೇಕೇ ಬೇಕಿತ್ತು. ಆದರೆ ಮೆಷಿನ್ನಿನ ಹಿಂದೆಯೇ ಅವಳ ಮಗಳೂ ಬಂದಿದ್ದಾಳೆ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ, ಹಸುವಿನ ಜೊತೆ ಕರು ಬಂದರೆ ಏನು ಮಾಡಬೇಕು ಎಂದು ಯಾರೂ ಹೇಳಿಲ್ಲ.

ಇಪ್ಪತ್ತಾರು ವರ್ಷದ ಹೆಣ್ಣು. ಮೂರು ಕಡೆ ಕೆಲಸಕ್ಕೆ ಸೇರಿ ಮೂರೂ ಕಡೆ ಬಿಟ್ಟಿದ್ದಾಳೆ. ಒಂದು ಕಡೆ ಟ್ಯೂಬ್‌ಲೈಟು ಗುಂಯ್‌ಗುಡುತ್ತದೆ, ಒಂದು ಕಡೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಇನ್ನೊಂದು ಕಡೆ ಸಮವಸ್ತ್ರದ ಕಾಲರು ಚುಚ್ಚುತ್ತದೆ. ಚಿಕ್ಕವಳಿದ್ದಾಗಿನಿಂದಲೂ ಬಟ್ಟೆಯನ್ನು ತಿರುಗಿಸಿ, ಹೊಲಿಗೆ ಆಚೆ ಬರುವ ಹಾಗೆ ಹಾಕಿಕೊಳ್ಳುತ್ತಾಳೆ. ಅದಕ್ಕೆ ಮನೆಯಲ್ಲಿ ಎಲ್ಲರೂ ಉಲ್ಟಾ ಎಂದೇ ಕರೆಯುವುದು. ಡಾಕ್ಟರು ಅದಕ್ಕೆ ಏನೋ ಉದ್ದನೆಯ ಹೆಸರು ಬರೆದುಕೊಟ್ಟಿದ್ದಾರಂತೆ. ಉಲ್ಟಾ ಚಿಕ್ಕದಾಗಿದೆ, ನನಗೆ ಸಾಕು.

“ಬರೀ ಕೂತಿರ್ತಾಳೆ ಕಣೇ, ನಿನಗೇನೂ ತೊಂದರೆ ಕೊಡಲ್ಲ” ಎಂದಳು ದೊಡ್ಡಕ್ಕ.

ಕೆಟ್ಟ ಸ್ಕೂಟರೂ ಬರೀ ಕೂತಿತ್ತು.

ಜೂನ್ ೧೪, ಶುಕ್ರವಾರ

ತೊಂದರೆ ಕೊಡುವುದಿಲ್ಲವಂತೆ. ಮೊದಲ ದಿನ ಟ್ಯೂಬ್‌ಲೈಟ್ ಆರಿಸಿದಳು, ನಾನು ಹಾಕಿದೆ, ಅವಳು ಆರಿಸಿದಳು. ಇವತ್ತು ಒಬ್ಬ ದಪ್ಪನೆಯ ಮನುಷ್ಯ ಪ್ಯಾಂಟಿಗೆ ಅಳತೆ ಕೊಡಲು ಬಂದ. ನಾನು ಒಳಗಿದ್ದೆ. ಟೇಪು ತಗೋ ಎಂದು ಕೂಗಿದೆ. ಇವಳು ಟೇಪನ್ನು ಕೈಯಲ್ಲಿ ಹಿಡಿದು ಅವನಿಂದ ಮೂರು ಮಾರು ದೂರದಲ್ಲಿ ನಿಂತಿದ್ದಾಳೆ.

“ನಾನು ಮುಟ್ಟಲ್ಲ” ಎಂದಳು ಅವನಿಗೆ. “ನಿಮಗೂ ಮುಟ್ಟಿಸ್ಕೊಳ್ಳೋಕೆ ಇಷ್ಟ ಇಲ್ಲ, ಹೊಟ್ಟೆ ಒಳಗೆ ಎಳ್ಕೋತಿದೀರಿ. ಮನೇಲಿ ನಿಮಗೆ ತುಂಬ ಹಿಡಿಸಿದ ಹಳೇ ಪ್ಯಾಂಟ್ ಇರುತ್ತಲ್ಲ, ಅದನ್ನ ತನ್ನಿ.”

ನಾನು ಪರದೆ ಸರಿಸಿ ಬರುವಷ್ಟರಲ್ಲಿ ಆತ ಹೋಗಿಯೇಬಿಟ್ಟಿದ್ದ. ಗಿರಾಕಿಯ ಹೊಟ್ಟೆಯ ವಿಚಾರ ಗಿರಾಕಿಗೇ ಹೇಳುವ ಅಂಗಡಿ ಎಲ್ಲಾದರೂ ಉದ್ಧಾರವಾದೀತೇ? ಅರ್ಧ ಗಂಟೆ ಬೈದೆ. ಅವಳು ಅಷ್ಟೂ ಹೊತ್ತು ನೂಲಿನ ಉಂಡೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಗೋಡೆಗೆ ಬೈದಿದ್ದರೆ ಸ್ವಲ್ಪ ಸುಣ್ಣವಾದರೂ ಉದುರುತ್ತಿತ್ತು.

ಸಂಜೆ ಆ ಮನುಷ್ಯ ಹಳೇ ಪ್ಯಾಂಟು ಹಿಡಿದುಕೊಂಡು ವಾಪಸು ಬಂದ. ಅವನಿಗೂ ಮಾನವಿಲ್ಲ.

ಜೂನ್ ೨೬, ಬುಧವಾರ

ಜಿಪ್ಪು, ಗುಂಡಿ, ಉದ್ದ ಕಮ್ಮಿ ಮಾಡುವುದು, ಸೊಂಟ ಬಿಡಿಸುವುದು. ಇಷ್ಟೇ. ತಿಂದು ತಿಂದು ಊದಿಕೊಂಡು ಬಂದು “ಬಟ್ಟೆ ಕುಗ್ಗಿಬಿಟ್ಟಿದೆ” ಎನ್ನುವವರೇ ಎಲ್ಲ.

ಉಲ್ಟಾ ಬಂದ ಬಟ್ಟೆಯನ್ನೆಲ್ಲ ಮೊದಲು ತಿರುಗಿಸಿ ಒಳಮೈ ನೋಡುತ್ತಾಳೆ. ಎಲ್ಲಿ ಸವೆದಿದೆ, ಎಲ್ಲಿ ಜಗ್ಗಿದೆ ಎಂದು ಬೆರಳಾಡಿಸುತ್ತಾಳೆ. “ಇವರು ಯಾವಾಗಲೂ ಬಲ ಮೊಣಕೈ ಊರಿಕೊಂಡು ಕೂರ್ತಾರೆ” ಎನ್ನುತ್ತಾಳೆ. “ಇವರ ಚೀಲ ಎಡ ಭುಜದ ಮೇಲೆ.” ಪತ್ತೇದಾರಿಕೆ ಬೇಡ, ಗುಂಡಿ ಹಾಕು ಎಂದೆ.

ಇವತ್ತು ನನ್ನ ಲಂಗದ ಕಡೆ ನೋಡಿ, “ಚಿಕ್ಕಮ್ಮ, ನಿಮ್ಮ ಲಂಗದ ಅಂಚು ಎಡಗಡೆ ಮಾತ್ರ ಸವೆದಿದೆ” ಎಂದಳು.

“ನೆಲ ಎಡಗಡೆ ಎತ್ತರ ಇದೆ” ಎಂದೆ.

ಅವಳು ಬಗ್ಗಿ ನೆಲ ನೋಡಿದಳು. “ಇಲ್ಲ, ಸಮ ಇದೆ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಡಿಕೊಳ್ಳುವುದನ್ನು ಕೇಳುತ್ತಲೇ ಬೆಳೆದವಳು ನಾನು. ಇವಳು ಆಡಿಕೊಳ್ಳಲಿಲ್ಲ ಎಂಬುದು ನಿಜ, ಹಾಗೆ ಆಡಿಕೊಳ್ಳುವುದಕ್ಕೂ ಒಂದಿಷ್ಟು ಬುದ್ಧಿ ಬೇಕು. ನಾಳೆಯಿಂದ ಲಂಗ ಕಾಣದ ಹಾಗೆ ಮೇಜಿನ ಈಚೆಯೇ ಕೂರಬೇಕು.

ಜುಲೈ ೨, ಮಂಗಳವಾರ

ಚಪ್ಪಾಳೆ ಮೇಡಂ ಬಂದಿದ್ದರು, ಜೊತೆಗೊಬ್ಬ ಫೋಟೋದವನು. ಮಾರುಕಟ್ಟೆಯ ಕಟ್ಟಡದಲ್ಲಿ ಒಂದು ಮಳಿಗೆ ಖಾಲಿ ಇದೆಯಂತೆ. ನೆಲಮಟ್ಟದಲ್ಲಿದೆ, ಮೆಟ್ಟಿಲಿಲ್ಲ, ಹಿಂದೆ ಇರಲು ಒಂದು ಕೋಣೆ. ಅಂಗವಿಕಲರಿಬ್ಬರು ಸೇರಿ ನಡೆಸುವ ಕಸುಬಿಗೆ ಕೊಡುತ್ತಾರೆ. ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಕಾಗದ ಮಾಡಿಸಬೇಕು. ಎಂಥ ಊನ, ಎಷ್ಟು ಊನ ಎಂದು ಅಳೆದು ಬರೆಯುತ್ತಾರೆ.

“ಒಂದು ಫೋಟೋ ಬೇಕಿತ್ತು” ಎಂದರು. “ಲಂಗ ಸ್ವಲ್ಪ ಮೇಲೆ ಎತ್ಕೊಂಡ್ರೆ ಜನಕ್ಕೆ ಸ್ಫೂರ್ತಿ ಬರುತ್ತೆ.”

ನನ್ನ ಕಾಲು ನೋಡಿ ಸ್ಫೂರ್ತಿ ಬರುವವರಿಗೆ ಮೊದಲು ಡಾಕ್ಟರ ಕಾಗದ ಮಾಡಿಸಿ ಎಂದೆ. ಫೋಟೋ ಬೇಕಾದರೆ ಹೊಲಿಗೆಯದು ತೆಗೆಯಿರಿ ಎಂದೆ. ಮೇಡಂ ಮುಖ ಇಳಿಯಿತು. ಅದೊಂದು ಸಲ ಚಪ್ಪಾಳೆ ಬೀಳಲಿಲ್ಲ.

ಅವರು ಹೋದ ಮೇಲೆ ಉಲ್ಟಾ ಕೇಳಿದಳು, “ಫೋಟೋ ಯಾಕೆ ಬೇಡ?”

“ಕುಂಟಿ ಹೊಲಿದಿದ್ದು ಅಂತ ಪಾಪ ಅಂದ್ಕೊಂಡು ಯಾರೂ ತಗೋಬಾರದು.”

“ನೀವೇ ಹೊಲಿದಿದ್ದಲ್ವಾ? ಮತ್ತೆ ಯಾರು ಹೊಲಿದಿದ್ದು ಅಂತ ತಗೋಬೇಕು?”

ಉತ್ತರ ಕೊಡುವ ಪ್ರಶ್ನೆಯೇ ಅದು? ಗುಂಡಿಯ ಡಬ್ಬವನ್ನು ಅವಳ ಮುಂದಕ್ಕೆ ತಳ್ಳಿದೆ.

ಜುಲೈ ೧೫, ಸೋಮವಾರ

ಬಂತು ನೋಡಿ ಒಂದು ಕೆಲಸ ಎನ್ನುವಂಥ ಕೆಲಸ. ನರ್ಸಿಂಗ್ ಹೋಮಿನ ಮೇಟ್ರನ್ ಬಂದು ಆಯಾಗಳಿಗೆ ಹದಿನೆಂಟು ಕೋಟು ಹೊಲಿಯಲು ಹೇಳಿದರು. ಮಂಡಿಯ ತನಕ ಉದ್ದ, ಎರಡು ಜೇಬು, ಮುಂದೆ ಗುಂಡಿ. ಇಪ್ಪತ್ತಾರಕ್ಕೆ ಕೊಡಬೇಕು. ಹಿಡಿಸಿದರೆ ಪರದೆ, ಹೊದಿಕೆ, ವರ್ಷವಿಡೀ ಕೆಲಸ. ತಮ್ಮ ಮೆಟ್ಟಿಲಿಳಿದು ಬಂದು ಬಟ್ಟೆಯ ಗಂಟು ಮುಟ್ಟಿ ನೋಡಿದ. “ಪರವಾಗಿಲ್ಲ ಅಕ್ಕಾ” ಎಂದ, ಬಟ್ಟೆಯನ್ನು ಅವನೇ ನೇಯ್ದ ಹಾಗೆ.

ಕತ್ತರಿಸುವುದು ನಾನು, ಹೊಲಿಯುವುದು ಅವಳು, ಚೆಕಿಂಗ್ ನಾನು. ಇದರಲ್ಲಿ ಗೆದ್ದರೆ ಟೀಪುಡಿಯವನು ತನ್ನ ಪುಡಿಯನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗಲಿ.

ಜುಲೈ ೨೩, ಮಂಗಳವಾರ

ಜ್ವರ. ಕತ್ತರಿಸಿ ಮುಗಿಸಿದ್ದೇ ಮಲಗಿದೆ. ಪರದೆಯ ಆಚೆ ಮೆಷಿನ್ ಶಬ್ದ ಒಂದೇ ಸಮನೆ ಕೇಳುತ್ತಿದೆ. ಕನಿಷ್ಠ ಅಷ್ಟು ಮಾಡುತ್ತಾಳೆ.

ಜುಲೈ ೨೬, ಶುಕ್ರವಾರ

ಇವತ್ತು ಬರೆಯದಿದ್ದರೆ ಯಾರನ್ನಾದರೂ ಹೊಡೆದೇನು.

ಜ್ವರ ಬಿಟ್ಟು ಏಳುವಷ್ಟರಲ್ಲಿ ಕೋಟುಗಳನ್ನು ಇಸ್ತ್ರಿ ಮಾಡಿ, ಮಡಚಿ, ಗಂಟು ಕಟ್ಟಿ ನೆನ್ನೆಯೇ ಕಳಿಸಿಬಿಟ್ಟಿದ್ದಳು. ಚೆಕಿಂಗ್ ಇಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಕೈಯಿಂದ ಚೆಕಿಂಗ್ ಇಲ್ಲದೆ ಬಟ್ಟೆ ಹೋಯಿತು. ಮಧ್ಯಾಹ್ನ ಮೇಟ್ರನ್ ಆಟೋದಲ್ಲಿ ಬಂದಿಳಿದು ಗಂಟನ್ನು ಮೇಜಿನ ಮೇಲೆ ಕುಕ್ಕಿದರು.

“ನಮ್ಮ ಆಯಾಗಳು ಕೋಟು ತಿರುಗುಮುರುಗು ಹಾಕ್ಕೊಂಡು ಓಡಾಡ್ಬೇಕಾ?” ಎಂದರು.

ಬಿಚ್ಚಿ ನೋಡಿದೆ. ಜೇಬು ಹೊರಗೆ, ಕಾಲರು ಸರಿ, ಗುಂಡಿ ಸರಿ. ಆದರೆ ಭುಜದ್ದು, ಪಕ್ಕದ್ದು, ಕಂಕುಳದ್ದು, ತೋಳಿನದು, ಹೊಲಿಗೆಗಳೆಲ್ಲ ಹೊರಮೈಯಲ್ಲಿ. ಅಂಚಿಗೆ ತೆಳ್ಳಗೆ ಪಟ್ಟಿ ಕೊಟ್ಟು, ಎಳ್ಳಷ್ಟೂ ಡೊಂಕಿಲ್ಲದೆ, ಹೊರಮೈಯಲ್ಲಿ. ಸುಮ್ಮನೆ ತಿರುಗಿಸಿಕೊಳ್ಳೋಣವೆಂದರೆ ಜೇಬು ಒಳಗೆ ಹೋಗುತ್ತದೆ. ಒಂದೊಂದನ್ನೂ ಬಿಚ್ಚಿ ಮತ್ತೆ ಹೊಲಿಯಬೇಕು. ಮೇಟ್ರನ್ ನಾಲ್ಕು ದಿನ ಕೊಟ್ಟರು, ಕೊಡುವಾಗ ನನ್ನ ಮುಖ ನೋಡಲಿಲ್ಲ. ಎಣಿಸಿದರೆ ಹದಿನೇಳೇ ಇವೆ. ಒಂದನ್ನು ಅಲ್ಲೇ ಯಾರೋ ಹೊಡೆದುಕೊಂಡಿದ್ದಾರೆ. ಗಾಯದ ಮೇಲೆ ಬರೆ.

“ಯಾಕೆ ಹೀಗೆ ಮಾಡ್ದೆ?” ಎಂದು ಕೇಳಿದೆ.

“ಅವರು ದಿನಾ ಹನ್ನೆರಡು ಗಂಟೆ ಹಾಕ್ಕೋತಾರೆ. ರೋಗಿಗಳನ್ನ ಎತ್ತುವಾಗ ಕಂಕುಳಲ್ಲಿ ಹೊಲಿಗೆ ಉಜ್ಜುತ್ತೆ” ಎಂದಳು. “ಹೊರಗಡೆ ಇದ್ರೆ ಉಜ್ಜಲ್ಲ.”

“ಲೋಕದಲ್ಲಿ ಎಲ್ಲರೂ ಹೊಲಿಗೆ ಒಳಗಡೆ ಇಡ್ತಾರೆ.”

“ಚರ್ಮ ಇರೋದು ಒಳಗಡೆ” ಎಂದಳು.

ಆಮೇಲೆ ನಾನು ಏನೇನೋ ಅಂದೆ. ನಿನ್ನಂಥವಳನ್ನ ಮೂರು ಕಡೆ ಓಡಿಸಿದವರಿಗೆ ತಲೆ ಇತ್ತು, ನನಗಿರಲಿಲ್ಲ ಎಂದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಬೇಕಂತಲೇ ಇನ್ನೂ ಜೋರಾಗಿ ಹೇಳಿದೆ. ನೂಲಿನ ಉಂಡೆಗಳನ್ನು ಡಬ್ಬಕ್ಕೆ ಹಾಕಿ, ಮುಚ್ಚಳ ಮುಚ್ಚಿ, ಹೊರಟುಹೋದಳು.

ಜುಲೈ ೨೮, ಭಾನುವಾರ

ಬಿಚ್ಚುತ್ತಿದ್ದೇನೆ. ಒಂಬತ್ತು ಆಯಿತು. ಹಾಳು ಹುಡುಗಿ, ಬಿಚ್ಚಲು ಬಾರದ ಹಾಗೆ ಹೊಲಿದಿದ್ದಾಳೆ. ಕಾರ್ಖಾನೆಯ ಐವತ್ತು ಜನರ ಹೊಲಿಗೆಯನ್ನು ಉಗುರಲ್ಲೇ ಕಿತ್ತಿದ್ದೇನೆ, ಇದಕ್ಕೆ ಬ್ಲೇಡು ಬೇಕು.

ಜುಲೈ ೨೯, ಸೋಮವಾರ

ತೋಳಿನ ಉದ್ದ ಸರಿಯಿದೆಯೇ ನೋಡಲು, ಬಿಚ್ಚದ ಒಂದು ಕೋಟನ್ನು ರವಿಕೆಯಿಲ್ಲದೆ ಮೈಮೇಲೆ ಹಾಕಿಕೊಂಡೆ. ಲಂಗವನ್ನು ಅದರ ಮೇಲೆಯೇ ಕಟ್ಟಿಕೊಂಡೆ. ಹಾಗೇ ಕೆಲಸಕ್ಕೆ ಕೂತವಳು ತೆಗೆಯುವುದನ್ನು ಮರೆತೆ, ಊಟದ ಹೊತ್ತಿಗೆ ನೆನಪಾಯಿತು.

ನನ್ನ ಎಡ ಸೊಂಟದಲ್ಲಿ, ನಡೆಯುವಾಗ ಮೈ ವಾಲುವ ಕಡೆ, ಹೊಲಿಗೆ ಉಜ್ಜಿ ಉಜ್ಜಿ ಕಪ್ಪಗೆ ಗಟ್ಟಿಯಾದ ಒಂದು ಜಾಗವಿದೆ. ಬೇಸಿಗೆಯಲ್ಲಿ ಒಡೆಯುತ್ತದೆ. ಸಣ್ಣವಳಿದ್ದಾಗಿನಿಂದ ಇದೆ, ಅದನ್ನೊಂದು ನೋವೆಂದು ಲೆಕ್ಕಕ್ಕಿಟ್ಟಿಲ್ಲ. ಇವತ್ತು ಅದು ಉರಿಯಲಿಲ್ಲ. ಬಟ್ಟೆ ಹೊಸದು, ಮೆತ್ತಗಿದೆ, ಅದಕ್ಕಿರಬೇಕು.

ಆ ಕೋಟನ್ನೂ ಬಿಚ್ಚಿದೆ. ಕೊನೆಯಲ್ಲಿ ಬಿಚ್ಚಿದೆ.

ಜುಲೈ ೩೦, ಮಂಗಳವಾರ

ಹದಿನೇಳನ್ನು ಸರಿ ಮಾಡಿ, ಒಂದನ್ನು ಹೊಸದಾಗಿ ಹೊಲಿದು, ನಾನೇ ನರ್ಸಿಂಗ್ ಹೋಮಿಗೆ ತೆಗೆದುಕೊಂಡು ಹೋದೆ. ಮೇಟ್ರನ್ ಎಣಿಸಿ ತೆಗೆದುಕೊಂಡರು. ಪರದೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಕೆಲಸ ಅಲ್ಲಿಗೆ ಮುಗಿಯಿತು.

ಹೊರಗೆ ಬರುವಾಗ ಕಳ್ಳಿ ಸಿಕ್ಕಿದಳು. ನಡುವಯಸ್ಸಿನ ಆಯಾ, ಹೊಲಿಗೆ ಹೊರಗಿರುವ ಆ ಒಂದು ಕೋಟನ್ನೇ ಹಾಕಿಕೊಂಡು ನೆಲ ಒರೆಸುತ್ತಿದ್ದಾಳೆ, ಎಳ್ಳಷ್ಟೂ ನಾಚಿಕೆಯಿಲ್ಲದೆ.

“ಇದು ನಮ್ಮ ಕೋಟು” ಎಂದೆ.

“ಗೊತ್ತು. ಕೊಡಲ್ಲ” ಎಂದಳು. ತೋಳು ಮಡಚಿ ತೋರಿಸಿದಳು. ಕಂಕುಳಿನಿಂದ ಮೊಣಕೈಯ ತನಕ ಸುಟ್ಟು ವಾಸಿಯಾದ ಚರ್ಮ, ನೀರುಳ್ಳಿಯ ಸಿಪ್ಪೆಯಷ್ಟು ತೆಳ್ಳಗಿದೆ. “ಹನ್ನೊಂದು ವರ್ಷದಲ್ಲಿ ಇದೊಂದೇ ನೋಡಿ ಚುಚ್ಚದೇ ಇರೋದು. ಮೇಟ್ರನ್ ಬೈದ್ರೆ ಬೈಲಿ. ಹೊಲಿದಿದ್ದು ನೀವಾ?”

“ನನ್ನ ಅಕ್ಕನ ಮಗಳು” ಎಂದೆ.

ನಾನೇ ಎಂದು ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೋ.

ಆಗಸ್ಟ್ ೫, ಸೋಮವಾರ

ಹತ್ತು ದಿನವಾಯಿತು, ಅವಳು ಬಂದಿಲ್ಲ. ಅಂಗಡಿ ಶಾಂತವಾಗಿದೆ. ಅವಳಿದ್ದಾಗಲೂ ಶಾಂತವಾಗಿಯೇ ಇತ್ತು, ಆದರೆ ಇದು ಬೇರೆ ಥರ. ಟ್ಯೂಬ್‌ಲೈಟು ನಿಜವಾಗಿಯೂ ಗುಂಯ್‌ಗುಡುತ್ತದೆ. ಕರೆಂಟೂ ಜಾಸ್ತಿ ಕುಡಿಯುತ್ತದೆ. ತೆಗೆಸಿದೆ.

ಆಗಸ್ಟ್ ೬, ಮಂಗಳವಾರ

ಓವರ್‌ಲಾಕಿನ ಸೂಜಿ ಎಲ್ಲಿಟ್ಟಿದ್ದಾಳೆ ಎಂದು ಕೇಳಲು ದೊಡ್ಡಕ್ಕನ ಮನೆಗೆ ಹೋದೆ. ಎರಡು ಬಸ್ಸು ಬದಲಿಸಬೇಕು. ಸೂಜಿ ಪೇಟೆಯಲ್ಲೂ ಸಿಗುತ್ತದೆ, ಆದರೆ ಇದ್ದದ್ದನ್ನು ಬಿಟ್ಟು ಹೊಸದು ಯಾಕೆ ಕೊಳ್ಳಬೇಕು.

ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ದೊಡ್ಡಕ್ಕ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು, ಅವಳಿಗೆ ಅದೊಂದು ಬರುತ್ತದೆ. ನಾನು ಮಂಚದ ತುದಿಯಲ್ಲಿ ಕೂತೆ. ಕ್ಷಮೆ ಕೇಳುವುದು, ಅಪ್ಪಿಕೊಳ್ಳುವುದು ಇವೆಲ್ಲ ನನ್ನಿಂದಾಗದು, ಅವಳಿಗೂ ಬೇಡ.

“ನರ್ಸಿಂಗ್ ಹೋಮಿನ ಆಯಾ ಒಬ್ಬಳು ಕೋಟು ವಾಪಸ್ ಕೊಡ್ಲಿಲ್ಲ. ಸುಟ್ಟ ಕೈ. ಚುಚ್ಚಲ್ವಂತೆ” ಎಂದೆ.

ಗೋಡೆ ಏನೂ ಹೇಳಲಿಲ್ಲ.

“ಇನ್ನೆರಡು ರವಿಕೆ ಬೇಕಂತೆ, ಹಾಗೇ. ನನಗೆ ಆ ಪಟ್ಟಿ ಕೊಡೋಕೆ ಬರಲ್ಲ.”

ನಾನು ಏಳುತ್ತ, “ಟ್ಯೂಬ್‌ಲೈಟ್ ತೆಗೆಸಿದೀನಿ” ಎಂದೆ.

“ಬಲ್ಬ್ ಹಳದಿನಾ, ಬಿಳಿನಾ?”

“ಹಳದಿ.”

“ಗುರುವಾರ ಬರ್ತೀನಿ” ಎಂದಳು.

ನಾಳೆ ಯಾಕಾಗದು ಎಂದು ಕೇಳಲಿಲ್ಲ. ಸೂಜಿಯ ವಿಷಯ ಕೇಳಲು ಮರೆತೇಹೋಯಿತು.

ಆಗಸ್ಟ್ ೧೯, ಸೋಮವಾರ

ಆ ಆಯಾ ಊರಿಗೆಲ್ಲ ಡಂಗುರ ಹೊಡೆದಿದ್ದಾಳೆ. ಒಬ್ಬೊಬ್ಬರದೂ ಒಂದೊಂದು ರಗಳೆ. ಒಬ್ಬಳು ಶಾಲೆಯ ಟೀಚರು, ಅಂಗಿಯ ಕತ್ತಿನ ಹಿಂದಿನ ಕಂಪನಿ ಚೀಟಿ ಕತ್ತರಿಸಿದರೂ ಅದರ ಬುಡ ಚುಚ್ಚುತ್ತದಂತೆ, ಪಾಠ ಮಾಡಲು ಆಗುವುದಿಲ್ಲವಂತೆ. ಒಬ್ಬ ಗಾಲಿಕುರ್ಚಿಯವನು, ಪ್ಯಾಂಟಿನ ಹಿಂದಿನ ಜೇಬು ಕೂತಲ್ಲೇ ಹುಣ್ಣು ಮಾಡಿದೆ. ಹಿಂದೆ ಜೇಬು ಯಾಕೆ ಬೇಕು ನಿಮಗೆ, ಪರ್ಸಿನ ಮೇಲೆ ಕೂತು ಮೊಟ್ಟೆ ಇಡಿಸುತ್ತೀರಾ ಎಂದು ಕೇಳಿದೆ. ಆತ ಬಿದ್ದು ಬಿದ್ದು ನಕ್ಕ. ಅದರಲ್ಲಿ ನಗುವಂಥದ್ದೇನಿತ್ತೋ.

ಇವತ್ತು ಬಂದವನಿಗೆ ಒಂದೇ ಕೈ. ಬಾಗಿಲಲ್ಲೇ ನಿಂತು, “ತೊಂದರೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡಿ. ಗುಂಡಿ ಹಾಕ್ಕೊಳ್ಳೋಕೆ ಹೆಂಡತಿನೇ ಬೇಕು ನನಗೆ. ನಾಚಿಕೆ ಆಗುತ್ತೆ” ಎಂದು ಶುರು ಮಾಡಿದ. ನನಗೆ ತಡೆಯಲಾಗಲಿಲ್ಲ.

“ನಿಮಗ್ಯಾಕ್ರೀ ನಾಚಿಕೆ? ಎರಡು ಕೈ ಇದ್ದೋರಿಗೆ ಮಾತ್ರ ಅಂತ ಗುಂಡಿ ಮಾಡಿದಾನಲ್ಲ, ಅವನಿಗೆ ಆಗಬೇಕು. ಒಳಗೆ ಬಂದು ಕೂತ್ಕೊಳ್ಳಿ, ಬಾಗಿಲಲ್ಲಿ ನಿಂತು ಬೆಳಕು ಅಡ್ಡ ಹಾಕ್ಬೇಡಿ.”

ಉಲ್ಟಾ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ಕೆಲಸ ನೋಡು ಎಂದೆ.

ಆಗಸ್ಟ್ ೨೪, ಶನಿವಾರ

ತಮ್ಮ ಇಳಿದು ಬಂದ. ಟೀಪುಡಿ ಏಜೆಂಟಿಗೆ ಮಾತು ಕೊಟ್ಟಾಗಿದೆಯಂತೆ. “ಅಕ್ಕಾ, ಬೇಜಾರು ಮಾಡ್ಕೋಬೇಡ. ಇದೇನು ಕಸುಬಾ? ಕೈಯಿಲ್ಲದೋರು ಕಾಲಿಲ್ಲದೋರು ಬಂದು ಕೂರ್ತಾರೆ, ಬೀದಿ ಜನ ಆಸ್ಪತ್ರೆ ಅಂದ್ಕೋತಾರೆ. ಆಯ್ತಲ್ಲ, ಮಾಡಿ ನೋಡ್ದೆ. ಒಂದನೇ ತಾರೀಖು ಮೇಲೆ ಬಂದ್ಬಿಡು.”

ಮಾತಾಡುತ್ತ ನನ್ನ ಮೇಜಿನ ಉದ್ದವನ್ನು ಗೇಣಿನಲ್ಲಿ ಅಳೆಯುತ್ತಿದ್ದ, ಟೀಪುಡಿಯ ಪೆಟ್ಟಿಗೆ ಎಷ್ಟು ಹಿಡಿಯುತ್ತದೆಂದು. ನಾನು ಎತ್ತಿ ಆಡಿಸಿದ ಹುಡುಗ ಇವನು. ಇವನ ಮೂಗು ಒರೆಸಿದ್ದು ಇಂಥದೇ ಲಂಗದ ಅಂಚಿನಲ್ಲಿ. ನನಗೆ ಅಳು ಬಂತು, ಅವನೆದುರು ಅಳಲಿಲ್ಲ.

ಅವನು ಹೋದ ಮೇಲೆ ಉಲ್ಟಾ ತನ್ನ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರ ಕಾಗದ, ಅವಳ ಹೆಸರಿನಲ್ಲಿ. ಅವಳ ಆ ಉದ್ದನೆಯ ಹೆಸರಿನ ಕಾಯಿಲೆ, ಮೊಹರು, ಸಹಿ.

“ಜುಲೈನಲ್ಲೇ ಮಾಡಿಸ್ದೆ. ಮಳಿಗೆ ಇಬ್ಬರಿಗೆ ಅಂದ್ರಲ್ಲ” ಎಂದಳು. “ಅಲ್ಲಿ ಟ್ಯೂಬ್‌ಲೈಟ್ ಐದು ಇತ್ತು. ಎರಡು ಗಂಟೆ ಕೂತಿದ್ದೆ.”

ಜುಲೈನಲ್ಲಿ, ಅಂದರೆ ನಾನು ಅವಳನ್ನು ಓಡಿಸುವ ಮೊದಲು.

ಆಗಸ್ಟ್ ೨೭, ಮಂಗಳವಾರ

ಹೋದೆ. ಸಾಲಿನಲ್ಲಿ ಕೂತೆ. ಚಪ್ಪಾಳೆ ಮೇಡಂ ಬಾಗಿಲಲ್ಲಿದ್ದರು, ನನ್ನನ್ನು ನೋಡಿ ಎರಡೂ ಕೈ ಮೇಲೆತ್ತಿದರು. ತಟ್ಟಿದರೆ ವಾಪಸು ಹೋಗುತ್ತೇನೆ ಎಂದೆ. ತಟ್ಟಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವನು. ಬೆಂಚಿನ ಮೇಲೆ ಮಲಗಿಸಿದ. ಲಂಗ ಮೇಲೆ ಸರಿಸಬೇಕಾಯಿತು. ಮೇಲೆ ಫ್ಯಾನು ತಿರುಗುತ್ತಿತ್ತು, ಅದನ್ನೇ ನೋಡುತ್ತಿದ್ದೆ, ಹಲ್ಲು ಕಚ್ಚಿಕೊಂಡು. ಅವನು ಟೇಪು ತೆಗೆದು ಸೊಂಟದಿಂದ ಪಾದದ ಗಂಟಿನ ತನಕ ಹಿಡಿದ. ಹಿಡಿದದ್ದೇನು, ನೇತುಹಾಕಿದ. ನಡುವೆ ಟೇಪು ಬಟ್ಟೆ ಒಣಹಾಕಿದ ಹಗ್ಗದಂತೆ ಜೋತುಬಿದ್ದಿದೆ. “ಒಂದೂವರೆ” ಎಂದು ಬರೆಯಲು ಹೋದ.

“ಏನ್ ಒಂದೂವರೆ?” ಎಂದು ಎದ್ದು ಕೂತೆ. “ಟೇಪು ಜೋತು ಬಿದ್ದಿದೆ ಡಾಕ್ಟ್ರೇ. ಹೀಗೆ ಅಳೆದ್ರೆ ಒಂದು ದಿಂಬಿನ ಚೀಲನೂ ಹೊಲಿಯೋಕಾಗಲ್ಲ.”

ಕೊರಳಲ್ಲಿದ್ದ ನನ್ನ ಟೇಪು ತೆಗೆದೆ. ಅವನ ಹೆಬ್ಬೆರಳನ್ನು ನನ್ನ ಸೊಂಟದ ಮೂಳೆಯ ಮೇಲೆ ಒತ್ತಿಸಿ, ಅಲ್ಲಾಡಿಸಬೇಡಿ ಎಂದು ಹೇಳಿ, ತುದಿ ನಾನೇ ಎಳೆದು ಹಿಡಿದೆ. ಬಲಗಾಲು ಮೂವತ್ತೆರಡೂವರೆ. ಎಡಗಾಲು ಮೂವತ್ತು. ಮತ್ತೊಮ್ಮೆ ಅಳೆದೆ, ಚೆಕಿಂಗಿನಲ್ಲಿ ಎರಡು ಸಲ ನೋಡದೆ ಬಿಡುವ ಅಭ್ಯಾಸವಿಲ್ಲ.

“ಎರಡೂವರೆ ಇಂಚು. ಬರ್ಕೊಳ್ಳಿ” ಎಂದೆ.

ಬರೆದುಕೊಂಡ. ತನ್ನ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ಇಂಥವರ ಕೈಗೆ ಟೇಪು ಕೊಡುತ್ತಾರೆ.

ಸೆಪ್ಟೆಂಬರ್ ೧, ಭಾನುವಾರ

ಮಾರುಕಟ್ಟೆಯ ಮಳಿಗೆ ನೆನ್ನೆ ಕೈಗೆ ಬಂತು, ಇವತ್ತು ಸಾಮಾನು ಸಾಗಿಸಿದೆವು. ಗಾಲಿಕುರ್ಚಿಯವನು ತನ್ನ ತಮ್ಮನ ಗಾಡಿ ಕಳಿಸಿದ. ಒಂದು ಕೈಯವನು ಓವರ್‌ಲಾಕಿನ ಒಂದು ಮಗ್ಗುಲು ಹಿಡಿದ. ನನ್ನ ತಮ್ಮ ಮೆಟ್ಟಿಲ ಮೇಲೆ ನಿಂತು, “ಜೋಪಾನ ಅಕ್ಕಾ” ಎಂದ. ನಿನ್ನ ಟೀಪುಡಿ ಜೋಪಾನ ಎಂದೆ.

ಮಳಿಗೆ ಚಿಕ್ಕದು, ಬಣ್ಣ ಕೆಟ್ಟದಾಗಿದೆ, ಪಕ್ಕದವನು ಬೀಗ ರಿಪೇರಿ ಮಾಡುತ್ತ ಅಪಸ್ವರದಲ್ಲಿ ಹಾಡುತ್ತಾನೆ. ಬೋರ್ಡಿನಲ್ಲಿ ‘ಹೊಲಿಗೆ’ ಎಂದಷ್ಟೇ ಇತ್ತು. ಅದರ ಕೆಳಗೆ ಉಲ್ಟಾ ತನ್ನ ಕೈಯಾರೆ ಬರೆದಿದ್ದಾಳೆ: ‘ಅಳತೆ ತೆಗೆಯುವುದಿಲ್ಲ. ನಿಮಗೆ ತುಂಬ ಹಿಡಿಸಿದ ಹಳೇ ಬಟ್ಟೆ ತನ್ನಿ.’ ಅಕ್ಷರ ಇನ್ನೂ ದೊಡ್ಡದಿರಬೇಕಿತ್ತು.

ಮಧ್ಯಾಹ್ನ ಮೇಜಿನ ಮೇಲೆ ಒಂದು ಹೊಸ ಲಂಗ ಹರಡಿತ್ತು. ಹೊಲಿಗೆಗಳೆಲ್ಲ ಹೊರಗೆ, ಅದು ಹೇಗೂ ಗೊತ್ತಿದ್ದದ್ದೇ. ಆದರೆ ಅಂಚು ನೋಡಿ ನನಗೆ ಮೈಯೆಲ್ಲ ಉರಿಯಿತು. ಎಡಗಡೆ ಮೇಲಕ್ಕೇರಿ ಬಲಗಡೆ ಇಳಿದಿದೆ, ಇಷ್ಟು ಡೊಂಕು ಅಂಚನ್ನು ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದವಳೂ ಹೊಲಿದಿಲ್ಲ.

“ಇಷ್ಟು ದಿನ ನನ್ನ ಪಕ್ಕ ಕೂತು ಇದೇನಾ ಕಲಿತಿದ್ದು? ಅಂಚು ನೋಡು, ಯಾವ ಮುಖ ಇಟ್ಕೊಂಡು ಗಿರಾಕಿಗೆ ಕೊಡ್ತೀಯ?”

“ಗಿರಾಕಿಗಲ್ಲ. ನಿಮ್ಮ ಹಳೇ ಲಂಗದ ಸವೆದ ಅಂಚು ನೋಡಿ ಮಾಡಿದ್ದು” ಎಂದಳು, ನೂಲು ಪೋಣಿಸುತ್ತ.

ಟೇಪು ಇಟ್ಟು ನೋಡಿದೆ. ಒಂದು ಕಡೆಗೂ ಇನ್ನೊಂದು ಕಡೆಗೂ ಎರಡೂವರೆ ಇಂಚು ವ್ಯತ್ಯಾಸ. ಅವಳಿಗೆ ನಾನು ಹೇಳಿರಲಿಲ್ಲ, ಡಾಕ್ಟರ ಕಾಗದವನ್ನೂ ತೋರಿಸಿರಲಿಲ್ಲ.

ಹಿಂದಿನ ಕೋಣೆಗೆ ಹೋಗಿ ಹಾಕಿಕೊಂಡೆ. ಸೊಂಟದ ಬಲಗಡೆ ಒಂದು ಕಡೆ ಸ್ವಲ್ಪ ಬಿಗಿ. ನಾಳೆ ಹೇಳಬೇಕು, ತಪ್ಪು ತಪ್ಪೇ.

ಇಲ್ಲಿಯೂ ನಲ್ಲಿ ದೂರವೇ, ಕಟ್ಟಡದ ಆ ತುದಿಯಲ್ಲಿ, ಮಾರುಕಟ್ಟೆಯ ಜನರೆಲ್ಲರ ಎದುರಿಗೆ ಹೋಗಿ ಬರಬೇಕು. ನೀರು ಎರಡು ಬಕೆಟ್ಟು ಬೇಕಿತ್ತು. ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಒಂದೇ ಸಲಕ್ಕೆ ತಂದೆ.